ಐನೂರ ನಲವತ್ತಮೂರು

ಲಂಪಾಂಗಿನ ವಲಸೆ ಕಚೇರಿಯ ಎದುರು ಲಮ್ಯಾಯ್ ಇಪ್ಪತ್ತೆರಡು ವರ್ಷಗಳಿಂದ ಅರ್ಜಿ ಟೈಪು ಮಾಡುತ್ತಾಳೆ. ಪಿಂಚಣಿಯ ಮೇಲೆ ಇಲ್ಲಿ ಬದುಕುವ ವಿದೇಶಿ ವೃದ್ಧರು ವರ್ಷಕ್ಕೊಮ್ಮೆ ವಾಸದ ಪರವಾನಗಿ ನವೀಕರಿಸಲು ಅವಳ ಮೇಜಿಗೇ ಬರುತ್ತಾರೆ. ಥಾಯ್ ಕಾಗದದ ಬುದ್ಧವರ್ಷದಿಂದ ಐನೂರ ನಲವತ್ತಮೂರು ಕಳೆದರೆ ಅವರ ಇಸವಿ. ಆ ಲೆಕ್ಕವನ್ನು ಈಗ ಅವಳ ತಲೆ ಮಾಡುವುದಿಲ್ಲ, ಬೆರಳುಗಳೇ ಮಾಡುತ್ತವೆ.

ಆ ಸೋಮವಾರ ಮೂರು ಗಂಟೆಗೆ ಹೆನಿಂಗ್ ಕಚೇರಿಯಿಂದ ವಾಪಸು ಬಂದರು. ಡೆನ್ಮಾರ್ಕಿನವರು, ಎಪ್ಪತ್ತೆಂಟರ ವಯಸ್ಸು. ಪರವಾನಗಿ ಅಂದೇ ಮುಗಿಯುತ್ತಿತ್ತು. ಡೆನ್ಮಾರ್ಕಿನಲ್ಲಿ ಅವರಿಗೀಗ ಮನೆಯಿಲ್ಲ, ಬಾಗಿಲು ತೆರೆಯುವವರೂ ಇಲ್ಲ.

"ತಂಗೀ, ನನ್ನ ಬಾಡಿಗೆ ಕರಾರು 1483ರಲ್ಲೇ ಮುಗಿದಿದೆಯಂತೆ!"

ಲಮ್ಯಾಯ್ ಕರಾರು ತೆಗೆದು ನೋಡಿದಳು. ಮನೆಯ ಮಾಲೀಕ ಪ್ರಸೋಂಗ್, ವಿದೇಶಿಯರಿಗೆ ಸುಲಭವಾಗಲೆಂದು, 2569ರ ಬದಲು 2026 ಎಂದು ಬರೆದಿದ್ದ. ಅರ್ಜಿ ಟೈಪು ಮಾಡುವಾಗ ಅವಳ ಬೆರಳು ಅದರಿಂದಲೂ ಐನೂರ ನಲವತ್ತಮೂರು ಕಳೆದಿತ್ತು.

"ನನ್ನ ಕಣ್ಣಿಗೇನಾಗಿತ್ತೋ! ಕರಾರಿನಲ್ಲಿ ಬುದ್ಧವರ್ಷವೇ ಇರಬೇಕು, ಮಾಲೀಕರೇ ತಿದ್ದಿ ರುಜು ಹಾಕಬೇಕು. ಬನ್ನಿ, ನಾಲ್ಕೂವರೆಗೆ ಬಾಗಿಲು ಹಾಕ್ತಾರೆ."

"ಪ್ರಸೋಂಗ್ ನಿನ್ನೆಯಷ್ಟೇ ಸನ್ಯಾಸಿಯಾದನಲ್ಲ."

ಇಲ್ಲಿನ ಗಂಡಸರ ರೂಢಿಯಂತೆ ತಾಯಿಯ ಪುಣ್ಯಕ್ಕೆಂದು, ಹದಿನೈದು ದಿನಕ್ಕೆ ಮಾತ್ರ. ಲಮ್ಯಾಯ್ ಸ್ಕೂಟರ್ ಹತ್ತಿದಳು. "ಗಟ್ಟಿಯಾಗಿ ಹಿಡ್ಕೊಳ್ಳಿ ಅಜ್ಜ. ಬಿದ್ರೆ ಅದಕ್ಕೆ ಬೇರೆ ಅರ್ಜಿ ಬೇಕಾಗುತ್ತೆ."

ವಿಹಾರದಲ್ಲಿ ಪ್ರಸೋಂಗ್ ಬೋಳುತಲೆಯಲ್ಲಿ ಕಸ ಗುಡಿಸುತ್ತಿದ್ದ. ಹೆಂಗಸಿನ ಕೈಯಿಂದ ನೇರವಾಗಿ ಏನನ್ನೂ ಪಡೆಯುವಂತಿಲ್ಲ, ಬಟ್ಟೆಯೊಂದನ್ನು ಹಾಸಿದ. ಅವಳು ಮೊಣಕಾಲೂರಿ ಕರಾರನ್ನೂ ಪೆನ್ನನ್ನೂ ಅದರ ಮೇಲಿಟ್ಟಳು. ಅವನು ಪೆನ್ನು ಮುಟ್ಟಲಿಲ್ಲ.

"ಆ ಹೆಸರು ಬಿಟ್ಟಾಯ್ತಮ್ಮ. ಹೇಗೆ ರುಜು ಹಾಕ್ಲಿ?"

"ಸ್ವಾಮಿ, ಇವತ್ತು ದಾಟಿದ್ರೆ ಅಜ್ಜ ದೇಶ ಬಿಡ್ಬೇಕಾಗುತ್ತೆ."

"ಗುರುಗಳನ್ನ ಕೇಳ್ದೆ ಆಗಲ್ಲ. ಮಲಗಿದ್ದಾರೆ."

ಮೂರೂ ಮುಕ್ಕಾಲು. ಹೆನಿಂಗ್ ಗೋಡೆಯ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಲಮ್ಯಾಯ್ ಬೇಕೆಂದೇ ಗಟ್ಟಿಯಾಗಿ ಕೆಮ್ಮಿದಳು. ಇನ್ನೊಮ್ಮೆ.

"ಯಾರದು, ಕ್ಷಯ ಹಿಡಿದವರ ಹಾಗೆ?" ಮುದಿ ಗುರು ಹೊರಬಂದರು. ವಿಷಯ ಕೇಳಿ ಪ್ರಸೋಂಗನತ್ತ ತಿರುಗಿದರು. "ಹೆಸರು ಬಿಟ್ಟೆ, ಸರಿ. ತಪ್ಪು ಇನ್ನೂ ನಿಂದೇ ತಾನೇ? ತಿದ್ದಿಬಿಡು."

ಪ್ರಸೋಂಗ್ 2026 ಹೊಡೆದುಹಾಕಿ 2569 ಬರೆದ, ಹಳೆಯ ಹೆಸರಿನಲ್ಲೇ ರುಜು ಹಾಕಿದ.

ನಾಲ್ಕು ಇಪ್ಪತ್ತಾರಕ್ಕೆ ಅಧಿಕಾರಿ ಹೊಸ ಅರ್ಜಿ ನೋಡಿ, ಮೊಹರು ಎತ್ತಿ, ತಡೆದರು.

"ಲಮ್ಯಾಯಕ್ಕ, ಈ ಸಲ ಕಳೆದದ್ದು ಸರಿಯಿದೆಯಾ?"

ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಅವಳು ಕಾಗದದಂಚಿನಲ್ಲಿ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಕಳೆದು ನೋಡಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು.

ಮೊಹರು ಬಿತ್ತು.