ಗಟ್ಟಿಗಿತ್ತಿಗೆ ಒಂದು ಚೂರು ಬೆಲ್ಲ

ಕುರಿಗಳು ಎಬ್ಬಿಸಿದ ದೂಳಿನಿಂದ ನಮ್ಮ ಮನೆಯ ಹೆಣ್ಣುಮಗಳೊಬ್ಬಳ ಜೀವ ಹೋಗುವುದರಲ್ಲಿತ್ತು ಎಂದರೆ ನಂಬುತ್ತೀರಾ? ನಂಬಿ. ಹೋದ ಸೋಮವಾರ ಹೊಳಗುಂದದಲ್ಲಿ ನನ್ನ ಕಣ್ಣೆದುರಿಗೇ ನಡೆದದ್ದು. ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಈ ವಾರದ ಅಂಕಣದಲ್ಲಿ ಉಪ್ಪಿನಕಾಯಿಯ ಮಾತು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಹೆಣ್ಣುಮಗಳೆಂದರೆ ನನ್ನ ನೆಗೆಣ್ಣಿ ಗುರಮ್ಮಕ್ಕ, ನಮ್ಮ ಭಾವನವರ ಹೆಂಡತಿ. ಆದೋನಿಯಲ್ಲಿ ನಮ್ಮಿಬ್ಬರದೂ ಒಂದೇ ಒಲೆ. ಆಕೆಗೆ ಸಕ್ಕರೆ ಕಾಯಿಲೆ. ದಿನವೂ ತನ್ನ ಕೈಯಿಂದಲೇ ತೊಡೆಗೆ ಸೂಜಿ ಚುಚ್ಚಿಕೊಳ್ಳುತ್ತಾಳೆ. ಔಷಧದ ಸೀಸೆ ಈ ಯುದ್ಧದ ಕಾಲದಲ್ಲೂ ಮದ್ರಾಸಿನಿಂದ ರೈಲಿನಲ್ಲಿ ಬರುತ್ತದೆ. (ತಡವಾಗಿ ಬರುತ್ತದೆ. ಆದರೂ ಬರುತ್ತದಲ್ಲ, ಶಿವನ ದಯೆ.) ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಮಡಕೆಯಲ್ಲಿ ತಂಪಾಗಿ ಇಡುತ್ತಾಳೆ. ಸೂಜಿ ಕುದಿಸುತ್ತಾಳೆ. ಚುಚ್ಚಿಕೊಂಡು, ಸೀರೆ ಸರಿಮಾಡಿಕೊಂಡು, ರೊಟ್ಟಿ ಬಡಿಯಲು ಕೂರುತ್ತಾಳೆ. ಅಳುವುದಿಲ್ಲ, ಹಲುಬುವುದಿಲ್ಲ. ನನಗೆ ಬೆರಳಿಗೆ ಮುಳ್ಳು ಚುಚ್ಚಿದರೆ ಓಣಿಗೆಲ್ಲ ಕೇಳಿಸುತ್ತದೆ!

ಒಂದೇ ಕಟ್ಟುನಿಟ್ಟು. ಇಂಜೆಕ್ಷನ್ ಆದ ಮೇಲೆ ತಡಮಾಡದೆ ಉಣ್ಣಬೇಕು. ಉಣ್ಣದಿದ್ದರೆ ಮೈಯೊಳಗಿನ ಸಕ್ಕರೆ ತೀರ ಇಳಿದು, ಬೆವರಿ, ನಾಲಿಗೆ ತೊದಲಿ, ಪ್ರಾಣಕ್ಕೇ ಕುತ್ತು ಬರುತ್ತದೆ. ಆಗ ಮಾತ್ರ ಬೆಲ್ಲವೇ ಔಷಧ. ಬಳ್ಳಾರಿಯ ಡಾಕ್ಟರು ಇದನ್ನು ನಮ್ಮ ನೆಂಟರನ್ನೆಲ್ಲ ಕೂರಿಸಿ ಹೇಳಿದ್ದಾರೆ. ನೆಂಟರು ತಲೆಯನ್ನೂ ಆಡಿಸಿದ್ದಾರೆ.

ಹೊಳಗುಂದದಲ್ಲಿ ನಮ್ಮವರ ಸೋದರತ್ತೆ ನಿಂಗಮ್ಮನವರ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಇತ್ತು. ನಮ್ಮಲ್ಲಿ ಸ್ವಾಮಿಗಳ ಪಾದಪೂಜೆಯಾಗಿ, ಅವರು ಉಂಡ ಮೇಲೆಯೇ ಉಳಿದವರಿಗೆ ಎಲೆ. ಒಳ್ಳೆಯ ಪದ್ಧತಿ, ನಾನು ಬೇಡ ಎನ್ನುವವಳಲ್ಲ. ಆದರೆ ಸ್ವಾಮಿಗಳು ಆಸ್ಪರಿ ಕಡೆಯಿಂದ, ಪೆಟ್ರೋಲಿಗೆ ಬದಲು ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಬರಬೇಕಿತ್ತು. ಇದ್ದಿಲಿನ ಬಸ್ಸಿನ ಹಣೆಬರಹ ನಿಮಗೆ ಗೊತ್ತಲ್ಲ? ಏರು ಬಂದರೆ ಇಳಿದು ನೂಕಬೇಕು.

ಮಾಳಿಗೆಯ ಮೇಲಿಂದ ಯಾರೋ ಕೂಗಿದರು. "ದೂಳು ಕಾಣ್ತೈತಿ! ಬಸ್ಸು ಬಂತು!"

ನಿಂಗಮ್ಮತ್ತೆ ಓಡಿ ಬಂದರು. "ಗುರಮ್ಮ, ನಿನ್ನ ಸೂಜಿ ಮುಗಿಸ್ಕೋ. ಸ್ವಾಮಿಗೋಳು ಬಂದ್ರು. ಅವರದಾದ ಬೆನ್ನಿಗೇ ನಿನಗ ಎಲಿ ಹಾಕ್ತೀನಿ."

ಗುರಮ್ಮಕ್ಕ ನಂಬಿದಳು, ಚುಚ್ಚಿಕೊಂಡಳು. ದೂಳು ಹತ್ತಿರ ಬಂತು. ಬ್ಯಾ ಎಂದಿತು.

ಕುರಿಹಿಂಡು!

ಸ್ವಾಮಿಗಳಿಲ್ಲ, ಬಸ್ಸಿಲ್ಲ. ಅಡಿಗೆಮನೆಯಲ್ಲಿ ಹೋಳಿಗೆ ಆರುತ್ತಿದೆ, ಪಡಸಾಲೆಯಲ್ಲಿ ಗುರಮ್ಮಕ್ಕ ಬೆವರುತ್ತಿದ್ದಾಳೆ. ನಾನು ಹಿತ್ತಲಲ್ಲಿ ಬಾಣಂತಿಯ ನೀರಿಗೆ ಉರಿ ಹಾಕುತ್ತಿದ್ದೆ, ಒಳಗೆ ಬಂದು ನೋಡಿದರೆ ಆಕೆಯ ಸುತ್ತ ಜಾತ್ರೆ. ಒಬ್ಬಳು ಬೀಸಣಿಗೆ ಹಿಡಿದಿದ್ದಾಳೆ. ಇನ್ನೊಬ್ಬಳು ವಿಭೂತಿ ಹಚ್ಚುತ್ತಿದ್ದಾಳೆ. ಪಕ್ಕದ ಮನೆಯ ತೆಲುಗಿನಾಕೆ ಕೆನ್ನೆಯ ಮೇಲೆ ಕೈಯಿಟ್ಟು, "ಎಂತ ಧೈರ್ಯಮಮ್ಮಾ ಈಮೆಕಿ! ತಾನೇ ಸೂಜಿ ಚುಚ್ಚಿಕೊಂಡಾಳ!" ಎನ್ನುತ್ತಿದ್ದಾಳೆ. ಒಬ್ಬರ ಕೈಯಲ್ಲಾದರೂ ತಿನ್ನುವ ಒಂದು ಚೂರು? ಇಲ್ಲ.

(ಆಕೆಯ ಸೆರಗಿನ ತುದಿಯಲ್ಲಿ ಸದಾ ಬೆಲ್ಲದ ಗಂಟು ಇರುತ್ತದೆ. ಅಂದು ಬರುವ ದಾರಿಯಲ್ಲಿ ಅಳುತ್ತಿದ್ದ ಯಾರದೋ ಕೂಸಿಗೆ ಅದನ್ನು ಕೊಟ್ಟುಬಿಟ್ಟಿದ್ದಳಂತೆ. ಅದಕ್ಕೂ ಬೈದಿದ್ದೇನೆ.)

ನಾನು ಅಡಿಗೆಮನೆಗೆ ನುಗ್ಗಿ ಬೆಲ್ಲದ ಉಂಡೆ ಒಡೆದೆ. ನಿಂಗಮ್ಮತ್ತೆ ಅಡ್ಡ ನಿಂತರು.

"ಏ ಏ ಏ! ಬೆಲ್ಲ ಕೊಡಬ್ಯಾಡ. ಆಕಿಗೆ ಸಕ್ಕರಿ ರೋಗ ಐತಿ!"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೋದ ದೀಪಾವಳಿಗೆ ಇದೇ ಬಾಯಿ, "ಒಂದು ಹೋಳಿಗಿ ತಿಂದ್ರ ಏನಾಗ್ತೈತಿ, ತಿನ್ನವ್ವ" ಎಂದು ಆಕೆಯ ಎಲೆಗೆ ತುಪ್ಪ ಸುರಿದಿತ್ತು. ರೋಗ ನೆನಪಾಗುವುದಕ್ಕೆ ಈ ಗಳಿಗೆಯೇ ಬೇಕಿತ್ತೇ?

"ಅತ್ತೀ, ಈಗ ಬೆಲ್ಲನೇ ಔಷಧ ಐತಿ. ದಾರಿ ಬಿಡ್ರಿ."

"ಇನ್ನ ಎಡಿ ಆಗಿಲ್ಲ, ಸ್ವಾಮಿಗೋಳು ಉಂಡಿಲ್ಲ. ಶುಭದ ದಿನ ಪದ್ಧತೀನೂ ಕೆಡಸ್ತೀಯೇನು?"

ಹೆಣ ಬಿದ್ದರೆ ಶುಭ ಕೆಡುವುದಿಲ್ಲವೇ ಎಂದು ಕೇಳಬೇಕೆನಿಸಿತು. ಕೂಸಿನ ತೊಟ್ಟಿಲೆದುರು ಅಂಥ ಮಾತು ಬರಲಿಲ್ಲ, ನಾಲಿಗೆ ಕಾಯ್ದವನೂ ಶಿವನೇ. ಅತ್ತೆಯ ತೋಳಿನ ಕೆಳಗೆ ನುಸುಳಿ ಬಂದು ಗುರಮ್ಮಕ್ಕನ ಅಂಗೈಗೆ ಬೆಲ್ಲ ಇಟ್ಟೆ.

ಗಬಗಬ ತಿಂದಳೆಂದುಕೊಂಡಿರಾ? ಇಲ್ಲ. ಆ ಸ್ಥಿತಿಯಲ್ಲೂ ಎದೆಯ ಮೇಲಿನ ಲಿಂಗಕ್ಕೆ ಬೆಲ್ಲ ತೋರಿಸಿ, ಕಣ್ಣಿಗೊತ್ತಿಕೊಂಡು, ಆಮೇಲೆ ಬಾಯಿಗೆ ಹಾಕಿಕೊಂಡಳು. ತೊದಲುತ್ತಲೇ ಅಂದಳು. "ಅತ್ತೀ, ನನ್ನ ಸ್ವಾಮಿ ಇಲ್ಲೇ ಅದಾನ. ಆತಗ ಬಸ್ಸು ಬೇಕಾಗಿಲ್ಲ."

ನಾನು ಹಾಲು ತಂದೆ, ರೊಟ್ಟಿ ತಂದೆ. ಈ ಸಲ ಯಾರೂ ಅಡ್ಡ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬೆವರು ನಿಂತಿತು, ಮಾತು ನೆಟ್ಟಗಾಯಿತು. ಬದುಕಿದೆಯಾ ತಾಯಿ ಎಂದು ನಾನು ಗೋಡೆಗೆ ಒರಗಿದೆ.

ಸ್ವಾಮಿಗಳು ಹೊತ್ತು ವಾಲಿದ ಮೇಲೆ ನಡೆದೇ ಬಂದರು, ಕಾವಿಯೆಲ್ಲ ಮಸಿ. ಅವರು ಕಾಲು ತೊಳೆಯುವ ಮೊದಲೇ ನಿಂಗಮ್ಮತ್ತೆ ದೂರು ಹೇಳಿದರು.

"ಚಲೋ ಮಾಡ್ಯಾಳ ಬಿಡವ್ವ," ಅಂದರು ಸ್ವಾಮಿಗಳು. "ಬಸ್ಸು ನೂಕಿ ನೂಕಿ ನನಗೂ ಕಣ್ಣಿಗೆ ಕತ್ತಲಿ ಬಂದೈತಿ. ಆ ಬೆಲ್ಲ ಉಳಿದಿದ್ರ ಇತ್ತಾಗ ತರ್ರಿ."

ಊಟವಾದ ಮೇಲೆ ಮತ್ತೆ ಅದೇ ಹಾಡು. ಎಂಥ ಧೈರ್ಯ, ಎಂಥ ಗುಂಡಿಗೆ, ಇಂಥಾಕಿಯನ್ನು ಕಾಣೆ. ಎಲೆಅಡಿಕೆ ಮೆಲ್ಲುತ್ತ ಎಲ್ಲರೂ ಹೊಗಳಿದರು. ಹೊಗಳಿಕೆ ಸುಳ್ಳಲ್ಲ. ಆದರೆ ಒಬ್ಬರಾದರೂ "ಮುಂದಿನ ಸಲ ನಿನ್ನ ಎಲೆ ಮೊದಲು ಹಾಕುತ್ತೇವೆ" ಅಂದರೇ? ಧೈರ್ಯ ಆಕೆಯದು, ಹೊಗಳುವ ಬಾಯಿ ನಮ್ಮದು, ರೊಟ್ಟಿ ಮಾತ್ರ ಯಾರದೂ ಅಲ್ಲ.

ಬಂಡಿಯಲ್ಲಿ ಮರಳುವಾಗ ನಾನು ಆಕೆಯ ಮೇಲೂ ರೇಗಿದೆ. "ಇಷ್ಟು ಧೈರ್ಯ ಐತಿ, ಬಾಯಿ ಬಿಟ್ಟು ಒಂದು ರೊಟ್ಟಿ ಕೇಳಾಕ ಏನಾಗಿತ್ತಕ್ಕ ನಿನಗ?"

"ಕೇಳಿದ್ನೆವ್ವ," ಅಂದಳು ಗುರಮ್ಮಕ್ಕ. "'ನೀ ಗಟ್ಟಿಗಿತ್ತಿ ಅದೀ, ಇನ್ನೊಂದೀಟು ತಡಕೋ' ಅಂದ್ರು."

ಗಟ್ಟಿಗಿತ್ತಿಯರಿಗೆ ಹಸಿವೆಯಾಗುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು?