ಕೋಟೆಯಲ್ಲಿ ನಾನು ಕೈಮುಗಿದ ಪೀಠ

ನಗಬೇಡಿ ಮಕ್ಕಳೇ. ಮೊಂಬಾಸಾದಲ್ಲಿ ದುರಸ್ತಿಯಾದ ಹಳೆಯ ಕೋಟೆಯೊಂದನ್ನು ನೋಡಿಕೊಂಡು, ನೈರೋಬಿಗೆ ಮರಳುವ ರೈಲಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಮಗಳಿಗೆ ಆಸ್ಪತ್ರೆ ಡ್ಯೂಟಿ ಇದ್ದುದರಿಂದ ಅಳಿಯ, ಪುಟ್ಟ ಮೊಮ್ಮಗಳು ಅನು ಇಬ್ಬರೇ ನನ್ನ ಜೊತೆಗಿದ್ದರು.

ಪ್ರಯಾಣದಲ್ಲಿ ನಾನು ನೀರು ಮುಟ್ಟುವವಳಲ್ಲ. ಆದರೆ ಕೋಟೆಯ ಬಾಗಿಲಲ್ಲಿ ಅಳಿಯ ಎಳನೀರು ಕೊಡಿಸಿದಾಗ ಬೇಡವೆನ್ನಲಾಗಲಿಲ್ಲ. ಅರ್ಧ ಗಂಟೆಯಲ್ಲಿ ಒಂದಕ್ಕೆ ಅವಸರವಾಯಿತು. ಅಳಿಯನಿಗೆ ಹೇಗೆ ಹೇಳಲಿ? ಅನುವಿಗೆ ಹೇಳಿದರೆ ಇಡೀ ಕೋಟೆಗೆ ಕೇಳಿಸುತ್ತಿತ್ತು. ಗೈಡು ಗೋಡೆ ಗೋಡೆಯನ್ನೂ ವಿವರಿಸುತ್ತಿದ್ದ; ನಾನು ಹಲ್ಲು ಕಚ್ಚಿಕೊಂಡು ತಲೆಯಾಡಿಸುತ್ತಿದ್ದೆ.

ಕೊನೆಗೆ ಸಮುದ್ರದ ಕಡೆ ಹೊರಚಾಚಿದ ಒಂದು ಗೂಡಿನ ಮುಂದೆ ನಿಲ್ಲಿಸಿದ. ಒಳಗೆ ಕಲ್ಲಿನ ಪೀಠ, ನಡುವೆ ದುಂಡನೆಯ ತೂತು. ವಿಗ್ರಹ ಕಿತ್ತುಹೋದ ಪಾಣಿಪೀಠವೆಂದುಕೊಂಡು ಭಕ್ತಿಯಿಂದ ಕೈಮುಗಿದೆ.

"ಅಜ್ಜೀ, ದಟ್ಸ್ ದ ಸೋಲ್ಜರ್ಸ್ ಟಾಯ್ಲೆಟ್!" ಎಂದು ಅನು ಕೂಗಿದಳು.

ಗೈಡು ನಕ್ಕ. ನನಗೂ ನಗು ಬಂತು. ನಗುವಾಗ ತಡೆದುಕೊಳ್ಳುವುದು ಇನ್ನೂ ಕಷ್ಟ.

"ನಮ್ಮಂಥೋರಿಗೆ ಎಲ್ಲಿದೆ ಅಂತ ಕೇಳೇ" ಎಂದುಬಿಟ್ಟೆ.

ಅಳಿಯ ಥಟ್ಟನೆ ತಿರುಗಿದರು. "ಅಯ್ಯೋ, ಮೊದಲೇ ಹೇಳ್ಬಾರ್ದಿತ್ತಾ ಅತ್ತೆ? ನಂಗೂ ಆಗಿಂದ ಅರ್ಜೆಂಟು. ನಿಮ್ಮ ಮುಂದೆ ಹೆಂಗೆ ಹೇಳ್ಲಿ ಅಂತ ಸುಮ್ನಿದ್ದೆ."

ಗೈಡು ಟಿಕೆಟ್ ಕಿಟಕಿಯ ಹಿಂದಿನ ದಾರಿ ತೋರಿಸಿದ. ನನಗೆ ಬರುವ ಸ್ವಾಹಿಲಿ, ಧನ್ಯವಾದ ಹೇಳುವ 'ಅಸಾಂಟೆ' ಒಂದೇ. ಅದನ್ನು ಮನಸಾರೆ ಹೇಳಿದ್ದು ಆಗಲೇ.

ಈಗ ಅಳಿಯ ನೀರಿನ ಬಾಟಲಿ ತಂದುಕೊಟ್ಟರು. "ಬೋಗಿಯ ಕೊನೇಲಿದೆ ಅತ್ತೆ, ನೋಡ್ಕೊಂಡು ಬಂದೆ. ಧೈರ್ಯವಾಗಿ ಕುಡೀರಿ."

ಅರ್ಧ ಬಾಟಲಿ ಮುಗಿಸಿದ್ದೇನೆ.