ಹೊಸ ಪಿಸ್ತೂಲು, ಹೊಸ ಚಪ್ಪಲಿ

ಎಪ್ಪತ್ತರ ದಶಕದ ಯಾವುದೋ ಒಂದು ದಸರೆ. ವರ್ಷ ಕೇಳಬೇಡಿ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನನ್ನ ಕಾಕಾ ಆ ಸಲ ಎರಡು ಹೊಸ ಸಾಮಾನು ತಂದಿದ್ದರು: ಒಂದು ಮೋಟರ್ ಸೈಕಲ್, ಒಂದು ಲೈಸೆನ್ಸಿನ ಪಿಸ್ತೂಲು. ಸುಗ್ಗಿಯಲ್ಲಿ ರೊಕ್ಕದ ಚೀಲ ಹಿಡಿದು ಅವರೊಬ್ಬರೇ ರಾಮದುರ್ಗದ ದಾರಿಯಲ್ಲಿ ಓಡಾಡುವುದು ಅವರ ಹೆಂಡತಿ ಕಾಕುಗೆ ಭಯ. ಅದಕ್ಕೆ ಕಾಕು ತಮ್ಮ ಸ್ವಂತ ತಮ್ಮನನ್ನು ಜೊತೆಗೆ ಕಳಿಸುತ್ತಿದ್ದರು. ಆತ ಬೈಲಹೊಂಗಲದಲ್ಲಿ ತೆರೆದ ಬಾಯಿಯನ್ನು ರಾಮದುರ್ಗದಲ್ಲೂ ಮುಚ್ಚುತ್ತಿರಲಿಲ್ಲ. ನಡುವೆ ಮುಚ್ಚಿದರೆ ಮುನವಳ್ಳಿಯ ಮಿರ್ಚಿ ಭಜಿಗಷ್ಟೇ. ಪಿಸ್ತೂಲು ಬಂತು, ಇನ್ನು ಆತನಿಂದ ಬಿಡುಗಡೆ ಎಂದು ಕಾಕಾ ಕುಣಿಯುತ್ತಿದ್ದರು.

ಸವದತ್ತಿಯ ಆಚೆ ಒಂದು ಪಾಳು ಕಲ್ಲುಕ್ವಾರಿಯಲ್ಲಿ ಪರೀಕ್ಷೆ. ಮೊದಲ ಗುಂಡು ಹಾರಿತು. ಎರಡನೆಯದು ಒಳಗೇ ಸಿಕ್ಕಿಬಿತ್ತು.

"ಹೊಸಾ ಚಪ್ಪಲಿ ಮೊದ್ಲ ಕಚ್ಚೂದಿಲ್ಲೇನ್ರಿ ಮಾವಾರ? ಇದೂ ಹಂಗರಿ," ಎಂದ ಕಾಕುವಿನ ತಮ್ಮ. "ಪಳಗೂತನಕಾ ನಾ ಜೋಡಿ ಬರತೇನಿ."

"ನಿನ್ನ ಮಾತ ಕೇಳೇ ಅದರ ಬಾಯಿ ಕಟ್ಟೈತಿ," ಎಂದರು ಕಾಕಾ.

ಕಾಕು ಮನೆಯಲ್ಲಿ ತೀರ್ಪು ಕೊಟ್ಟರು: "ಮುಂದಿನ ಸಲ ಒಂದ ಗುಂಡೂ ಸಿಗಬೀಳಬಾರದು. ಬಿದ್ರ ತಮ್ಮ ಬರತಾನ್ರಿ."

ಧಾರವಾಡದಲ್ಲಿ ವಿಜ್ಞಾನ ಓದಿ ಬಂದಿದ್ದ ನನ್ನ ಕಡೆ ಎಲ್ಲರೂ ತಿರುಗಿದರು. ಲೋಹಕ್ಕೆ ಲೋಹ ತಿಕ್ಕಿ ನುಣುಪಾಗುವುದು ಸಾಧ್ಯ, ಆದರೆ ಖಚಿತವಿಲ್ಲ ಎಂದೆ. ಕಾಕಾಗೆ 'ಸಾಧ್ಯ' ಎಂಬುದಷ್ಟೇ ಕೇಳಿಸಿತು. ಕಾಡತೂಸು ಮಿತಿಯಲ್ಲಿ ಸಿಗುತ್ತಿದ್ದ ಕಾಲ. ಹಾಗಾಗಿ ಖಾಲಿ ಪಿಸ್ತೂಲಿನ ಮೇಲಿನ ಭಾಗವನ್ನು ಹಿಂದಕ್ಕೆಳೆದು ಬಿಡುವುದೇ ಮನೆಯವರ ಕೆಲಸವಾಯಿತು. ರೇಡಿಯೋದಲ್ಲಿ ವಾರ್ತೆ ಬರುವಾಗ ಕಾಕಾ, ಬೇಳೆ ಕುದಿಯುವಾಗ ಕಾಕು. ಖಟಕ್, ಖಟಕ್. ನೆರೆಮನೆಯವರು ಹೊಲಿಗೆ ಮಷಿನ್ ತಂದಿರೇನು ಎಂದು ಕೇಳಿದರು.

ಎರಡನೇ ಪರೀಕ್ಷೆಯ ಮುಂಜಾನೆ ನಾನು ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ಒಳಗಿನಿಂದ ಕೆಂಪು ರಾಡಿ ಇಳಿಯಿತು. ಮೊದಲ ಪರೀಕ್ಷೆಗೂ ಮೊದಲೇ, ಆಯುಧಪೂಜೆಯ ದಿನ, ಕಾಕುವಿನ ತಮ್ಮ ಹೊಸ ಚಪ್ಪಲಿಗೆ ಸವರುವಂತೆ ಅದಕ್ಕೆ ಔಡಲೆಣ್ಣೆ ಕುಡಿಸಿದ್ದ. ಅದರ ಮೇಲೆ ಕಾಕು ಭಕ್ತಿಯಿಂದ ಕುಂಕುಮ ಸುರಿದಿದ್ದರು. ಒಂದು ಅಕ್ಷತೆಯ ಕಾಳೂ ಹೊರಬಿತ್ತೆಂದು ನೆನಪು. ಅಥವಾ ಆ ಕಾಳು ನಾನು ಹೇಳುತ್ತ ಹೇಳುತ್ತ ಸೇರಿಸಿದ್ದೋ.

ಅವತ್ತು ಗುಂಡುಗಳೆಲ್ಲ ಹಾರಿದವು. ಪಳಗಿದ್ದಕ್ಕೋ, ತೊಳೆದದ್ದಕ್ಕೋ? ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂದು ಕಲಿತು ಬಂದವನು ಎರಡನ್ನೂ ಬದಲಿಸಿಬಿಟ್ಟಿದ್ದೆ. ಕಾಕಾಗೆ ಆ ಚಿಂತೆಯಿಲ್ಲ. ಕ್ವಾರಿಯಲ್ಲೇ ನನ್ನ ಕೈಹಿಡಿದು ಗಿರಗಿರ ತಿರುಗಿದರು.

ಮರುದಿನ ಒಬ್ಬರೇ ಹೊರಡಲು ಶಿಳ್ಳೆ ಹಾಕುತ್ತ ಅಂಗಳಕ್ಕೆ ಬಂದರೆ, ಮೋಟರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕಾಕುವಿನ ತಮ್ಮ ಟೋಪಿ ಹಾಕಿ ಕೂತಿದ್ದ.

"ಪಿಸ್ತೂಲ್ ಪಳಗೇತಲೋ, ಇಳಿ," ಎಂದರು ಕಾಕಾ.

"ಪಿಸ್ತೂಲ್ ಪಳಗೇತ್ರಿ ಮಾವಾರ," ಎಂದು ಆತ ಸೀಟು ತಟ್ಟಿದ. "ಗಾಡಿ ಹೊಸದೈತಲ್ರಿ."